ಮೊಣಕಾಲ ಹಿಂದಿನ ಅನ್ಯೂರಿಸಂಗೆ ಮನೆಮಾತಿನಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ಬಾಗಲಕೋಟೆಯಿಂದ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು. ಮೊಣಕಾಲಿನ ಹಿಂದೆ ಹಾದುಹೋಗುವ ರಕ್ತನಾಳ ಕೆಲವರಿಗೆ ಒಂದೇ ಕಡೆ ಉಬ್ಬಿ ಅಗಲವಾಗುತ್ತದೆ. ಡಾಕ್ಟರುಗಳು ಇದಕ್ಕೆ ಪಾಪ್ಲಿಟಿಯಲ್ ಅನ್ಯೂರಿಸಂ ಅನ್ನುತ್ತಾರೆ. ವಯಸ್ಸಾದ ಗಂಡಸರಲ್ಲೇ ಜಾಸ್ತಿ. ಇಳಕಲ್ಲಿನ ನಮ್ಮ ಸೋದರಮಾವನಿಗೆ ಇದಾಗಿದೆ, ಸ್ಟೆಂಟ್ (ನಾಳದೊಳಗೆ ಕೂರಿಸುವ ಜಾಲರಿ ಕೊಳವೆ) ಹಾಕುವ ಮಾತು ನಡೆದಿದೆ. ಮನೆಯವರಿಗೆಲ್ಲ ತಿಳಿಯುವ ಹಾಗೆ ಒಂದು ಪುಟ ಬರೆದುಕೊಡೋಣ ಅಂತ ಕೂತರೆ ಮೊದಲ ಸಾಲಿಗೇ ತಡೆಯಾಯಿತು.

ನಮ್ಮ ಕಡೆ ಎಲ್ಲಕ್ಕೂ ‘ನರ’ ಒಂದೇ. ಸೂಜಿ ಚುಚ್ಚುವುದೂ ನರಕ್ಕೆ, ಕುತ್ತಿಗೆ ಹಿಡಿದರೂ ನರ, ಕೈ ಜೋಮು ಹಿಡಿದರೂ ನರ. ಮಾವನ ಮೊಣಕಾಲ ಸಂದಿಯಲ್ಲಿ ಗಂಟು ಕಂಡಾಗ ಓಣಿಯವರು, ‘ಏನಿಲ್ಲ ಬಿಡ್ರಿ, ನರ ಉಬ್ಬೈತಿ, ಎಣ್ಣಿ ಹಚ್ಚಿ ತಿಕ್ಕಿಸ್ರಿ’ ಅಂದಿದ್ದರು. ಮೀನಖಂಡದ ಮೇಲೆ ನೀಲಿಯಾಗಿ ಡೊಂಕುಡೊಂಕಾಗಿ ಏಳುತ್ತವಲ್ಲ, ಆ ವೆರಿಕೋಸ್‌ಗೂ ‘ನರ ಉಬ್ಬು’ ಅಂತಲೇ ಅನ್ನುವುದು. ಅದು ಹೃದಯದ ಕಡೆ ರಕ್ತ ಒಯ್ಯುವ ನಾಳ. ಇದು ಹೃದಯದಿಂದ ಪಾದಕ್ಕೆ ರಕ್ತ ತರುವ ನಾಳ. ಎರಡಕ್ಕೂ ಒಂದೇ ಹೆಸರಿಟ್ಟರೆ ಕಾಲಿಗೇ ಅಪಾಯ. ಈ ಉಬ್ಬು ಒಡೆಯುವುದು ಕಡಿಮೆ. ಆದರೆ ಒಳಗೆ ರಕ್ತ ಹೆಪ್ಪುಗಟ್ಟಿ, ಅದರ ಚೂರು ಕೆಳಗಿನ ಸಣ್ಣ ನಾಳಗಳಿಗೆ ಹೋಗಿ ಕೂರುತ್ತದೆ. ಪಾದ ತಣ್ಣಗಾಗುತ್ತದೆ, ಬಿಳಿಚಿಕೊಳ್ಳುತ್ತದೆ. ಕೆಲವೇ ತಾಸುಗಳಲ್ಲಿ ಚಿಕಿತ್ಸೆ ಸಿಗದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಇಂಥದ್ದನ್ನು ಎಣ್ಣೆ ಹಚ್ಚಿ ತಿಕ್ಕುವುದೇ?

ಪಠ್ಯಪುಸ್ತಕದಲ್ಲಿ ಹೃದಯದಿಂದ ರಕ್ತ ತರುವ ನಾಳಕ್ಕೆ ಅಪಧಮನಿ, ಹೃದಯಕ್ಕೆ ಒಯ್ಯುವ ನಾಳಕ್ಕೆ ಅಭಿಧಮನಿ ಅಂತಿದೆ. ನನಗೆ ಈ ಜೋಡಿ ಸರಿ ಅನಿಸುವುದೇ ಇಲ್ಲ. ಒಂದಕ್ಷರದ ವ್ಯತ್ಯಾಸ, ಅರ್ಥ ಪೂರಾ ಉಲ್ಟಾ. ಓದಿದವರೇ ತಡವರಿಸುತ್ತಾರೆ. ‘ರಕ್ತನಾಳದ ಉಬ್ಬು’ ಅನ್ನೋಣ ಅಂದರೆ ಪತ್ರಿಕೆಗಳು ವೆರಿಕೋಸ್‌ಗೆ ‘ಉಬ್ಬಿದ ರಕ್ತನಾಳ’ ಅಂತ ಬರೆದು ರೂಢಿ ಮಾಡಿಬಿಟ್ಟಿವೆ.

ದಾರಿ ತೋರಿಸಿದ್ದು ಮಾವನೇ. ಡಾಕ್ಟರು ಅವರ ಎರಡು ಬೆರಳು ಹಿಡಿದು ಆ ಗಂಟಿನ ಮೇಲೆ ಮೆಲ್ಲಗೆ ಇಡಿಸಿದರು. ಮಾವ ಒಂದು ಗಳಿಗೆ ಸುಮ್ಮನಿದ್ದು, ‘ಅಯ್ಯ, ಇಲ್ಲೂ ನಾಡಿ ಬಡಿತೈತಲ್ರಿ’ ಅಂದರು. ನಾಡಿ ಗೊತ್ತಿಲ್ಲದವರು ಯಾರಿದ್ದಾರೆ? ಬಡಿಯುವ ನಾಳ ನಾಡಿ, ಅದರ ಉಬ್ಬು ‘ನಾಡಿಯುಬ್ಬು’. ತಿಕ್ಕಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ. ನಾಡಿಯನ್ನು ಯಾರೂ ತಿಕ್ಕುವುದಿಲ್ಲ.

ಇನ್ನು ಸ್ಟೆಂಟ್. ಈ ಪದವನ್ನು ಹಾಗೇ ಇಟ್ಟುಕೊಳ್ಳೋಣ ಅನ್ನುವವನು ನಾನು. ಮೂಲದಲ್ಲಿ ಅದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಸ್ಟೆಂಟ್ ಅಂತ ಲಂಡನ್ನಿನ ಹಲ್ಲಿನ ಡಾಕ್ಟರು, 1850ರ ದಶಕದಲ್ಲಿ ಹಲ್ಲಿನ ಅಚ್ಚು ತೆಗೆಯುವ ಒಂದು ಮೇಣದಂಥ ವಸ್ತು ಮಾಡಿದ್ದರು. ಅದರ ಹೆಸರು ದಾಟಿಕೊಂಡು ಇಲ್ಲಿಗೆ ಬಂದಿದೆ. ತೊಡಕಿರುವುದು ಜನ ಬಳಸುವ ‘ಸ್ಪ್ರಿಂಗ್’ ಪದದಲ್ಲಿ. ಹೃದಯಕ್ಕೆ ಸ್ಪ್ರಿಂಗ್ ಹಾಕಿದರು ಅಂದರೆ ಕಟ್ಟಿದ ನಾಳ ಬಿಡಿಸಿದರು ಅಂತ ಅರ್ಥ. ನಮ್ಮ ಅತ್ತೆಯೂ ‘ಬ್ಲಾಕ್ ಆಗೈತೇನ್ರಿ’ ಅಂತಲೇ ಕೇಳಿದ್ದು. ಇಲ್ಲಿ ಕೆಲಸವೇ ಬೇರೆ. ತೊಡೆಸಂದಿಯ ನಾಳಕ್ಕೆ ಚುಚ್ಚಿ, ತಂತಿಯ ಮೇಲೆ ಮಡಚಿದ ಸ್ಟೆಂಟನ್ನು ಮೊಣಕಾಲವರೆಗೆ ಇಳಿಸುತ್ತಾರೆ. ಅದಕ್ಕೆ ತೆಳುವಾದ ಹೊದಿಕೆ ಇರುತ್ತದೆ. ಉಬ್ಬಿನ ಮೇಲಿನ ಒಳ್ಳೆಯ ಭಾಗದಿಂದ ಕೆಳಗಿನ ಒಳ್ಳೆಯ ಭಾಗದವರೆಗೆ ಅದನ್ನು ಬಿಚ್ಚುತ್ತಾರೆ. ರಕ್ತ ಅದರೊಳಗೆ ಹರಿಯುತ್ತದೆ, ಉಬ್ಬು ಹೊರಗೇ ಉಳಿಯುತ್ತದೆ. ಹಾಗಾಗಿ ‘ಹೊದಿಕೆ ಸ್ಟೆಂಟ್’ ಅಂತ ಬರೆದಿದ್ದೇನೆ.

ಇನ್ನೊಂದು ದಾರಿ ಆಪರೇಷನ್. ಕಾಲಿನದೇ ಒಂದು ನಾಳ ತೆಗೆದು ಬದಲಿ ದಾರಿ ಕಟ್ಟುವುದು, ಬೈಪಾಸ್. ಒಳ್ಳೆಯ ನಾಳ ಸಿಕ್ಕರೆ ಅದು ಹೆಚ್ಚು ಕಾಲ ಬಾಳುತ್ತದೆ. ಸ್ಟೆಂಟ್ ಹಾಕಿದರೆ ಬೇಗ ಮನೆಗೆ ಬರಬಹುದು. ಆದರೆ ಮೊಣಕಾಲು ದಿನವಿಡೀ ಮಡಚುವ ಜಾಗ, ಸ್ಟೆಂಟ್ ಬಾಗಬಹುದು, ಮುರಿಯಬಹುದು, ಕಟ್ಟಿಕೊಳ್ಳಬಹುದು. ಮಾವ ಗುಂಡಿ ಮಗ್ಗದಲ್ಲಿ ಕೂತು ಸೀರೆ ನೇಯುವವರು, ಕಾಲಿಗೆ ಪುರುಸೊತ್ತೇ ಇಲ್ಲ. ಡಾಕ್ಟರು ಅದನ್ನು ಕೇಳಿಯೇ ಇನ್ನೂ ಯೋಚಿಸುತ್ತಿದ್ದಾರೆ. ಅರ್ಧದಷ್ಟು ಜನಕ್ಕೆ ಇನ್ನೊಂದು ಕಾಲಲ್ಲೂ ಇರುತ್ತದಂತೆ. ಅದಕ್ಕೇ ಎರಡೂ ಕಾಲು, ಹೊಟ್ಟೆಯ ದೊಡ್ಡ ನಾಳ ಎಲ್ಲ ಸ್ಕ್ಯಾನ್ ಮಾಡಿಸಿದ್ದಾರೆ.

ಈ ರೋಗ ಹೊಸದೇನಲ್ಲ. 1785ರಲ್ಲೇ ಲಂಡನ್ನಿನಲ್ಲಿ ಶಸ್ತ್ರವೈದ್ಯ ಜಾನ್ ಹಂಟರ್ ಒಬ್ಬ ಸಾರೋಟಿನವನಿಗೆ ಇದೇ ಉಬ್ಬಿಗಾಗಿ ತೊಡೆಯ ನಾಳವನ್ನು ದಾರದಿಂದ ಬಿಗಿದು ಕಟ್ಟಿ ಕಾಲು ಉಳಿಸಿದ್ದರು. ನಮ್ಮ ಹಳ್ಳಿಗಳಲ್ಲೂ ಇದ್ದಿರಲೇಬೇಕು. ಹಳಬರು ಬಡಿಯುವ ಗಂಟಿಗೆ ಬೇರೆ ಹೆಸರೇನಾದರೂ ಹೇಳುತ್ತಿದ್ದರಾ? ವಿಜಯಪುರ, ಬೆಳಗಾವಿ ಕಡೆಯವರು ನೆನಪು ಮಾಡಿಕೊಂಡು ತಿಳಿಸಿ. ಹಾಗೇ ಮೊಣಕಾಲ ಹಿಂಭಾಗಕ್ಕೆ ನಾನು ‘ಸಂದಿ’ ಅಂದಿದ್ದೇನೆ. ಮೈಸೂರು, ಮಂಗಳೂರಿನವರಿಗೆ ಅದು ಅರ್ಥವಾಗುತ್ತದಾ, ನಿಮ್ಮಲ್ಲಿ ಏನನ್ನುತ್ತೀರಿ? ‘ನಾಡಿಯುಬ್ಬು’ ಓದಿದಾಗ ಬೇರೆ ಯಾವುದಾದರೂ ಕಾಯಿಲೆ ನೆನಪಿಗೆ ಬಂದರೆ ಅದನ್ನೂ ಹೇಳಿ. ಪುಟವನ್ನು ಮಾವನಿಗೆ ಕೊಡುವ ಮೊದಲು ತಿದ್ದಬಹುದು.