ಅಪ್‌ಡೇಟ್: ತಂಗಿ ಬಿಎಸ್ಸಿ ಎಂಎಲ್‌ಟಿಗೆ ಸೇರಿದಳು

ಕಲಬುರಗಿಯಿಂದ ಕೇಳಿದ್ದೆ, ನೆನಪಿದೆಯಾ? ಪಿಯುಸಿ ಸೈನ್ಸ್ ಮುಗಿಸಿದ ತಂಗಿಗೆ ಲ್ಯಾಬ್ ಕೆಲಸ ಇಷ್ಟ, ಡಿಪ್ಲೊಮಾ ಓದಿಸಲಾ ಡಿಗ್ರಿ ಓದಿಸಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಡಿಗ್ರಿಯೇ ಆಯಿತು, ಬಿಎಸ್ಸಿ ಎಂಎಲ್‌ಟಿ, ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ. ಮುಂದೆ ಎಂಎಸ್ಸಿಗೂ ದಾರಿ ಇರುತ್ತದೆ, ಅಲ್ವಾ?

ಒಂದು ಕಡೆ ಒಂದೇ ವರ್ಷದಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು. ಇನ್ನೇನು ದುಡ್ಡು ಕಟ್ಟುವವರಿದ್ದೆವು. ನೀವು ಹೇಳಿದಂತೆ ಪ್ಯಾರಾಮೆಡಿಕಲ್ ಬೋರ್ಡ್ ಮಾನ್ಯತೆ ಪತ್ರ ಕೇಳಿದೆ. ತೋರಿಸಲೇ ಇಲ್ಲ. ಎದ್ದು ಬಂದೆವು. ಡಿಪ್ಲೊಮಾ ಆದರೆ ಬೋರ್ಡ್, ಡಿಗ್ರಿ ಆದರೆ ವಿಶ್ವವಿದ್ಯಾಲಯದ ಮಾನ್ಯತೆ, ದಯವಿಟ್ಟು ನೋಡಿಯೇ ದುಡ್ಡು ಕಟ್ಟಿ.

ಇದನ್ನು ಓದಿದರೆ ಪೆಥಾಲಜಿಸ್ಟ್, ಅಂದರೆ ರಕ್ತ, ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಡಾಕ್ಟರ್, ಆಗುತ್ತಾಳಾ ಅಂತ ಅಮ್ಮ ಕೇಳಿದಳು. ಇಲ್ಲ. ಅದಕ್ಕೆ ನೀಟ್ ಬರೆದು ಎಂಬಿಬಿಎಸ್ ಮಾಡಬೇಕು, ಆಮೇಲೆ 3 ವರ್ಷ ಎಂಡಿ.

ತಂಗಿ ಪರಿಚಯದವರ ಲ್ಯಾಬಿನಲ್ಲಿ ಒಂದು ದಿನ ಕೂತಿದ್ದಳು. ಅವರು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ತೆಳ್ಳಗೆ ಎಳೆದು, ಒಣಗಿಸಿ, ರಕ್ತಕಣ ಎದ್ದು ಕಾಣಲೆಂದು ಲೀಶ್ಮನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದರಂತೆ. ಬಿಳಿ ರಕ್ತಕಣದೊಳಗಿನ ನೇರಳೆ ಚುಕ್ಕೆ ಕಂಡಿದ್ದನ್ನು ರಾತ್ರಿಯೆಲ್ಲ ಹೇಳಿದಳು. ಅಪ್ಪ ಒಪ್ಪಿದ್ದು ಆವಾಗಲೇ.

ಸೋಮವಾರದಿಂದ ಕ್ಲಾಸು. ಬಿಳಿ ಕೋಟು ಹೊಲಿಯೋಕೆ ಕೊಟ್ಟಿದ್ದೇವೆ.