ಮೌಂಟ್ ಟ್ಯಾಮ್ ಲೂಪ್: ಮೊದಲ ಸಲ ಹೋಗ್ತಿದ್ದೇನೆ

ಶನಿವಾರ ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮ್ ಬೆಟ್ಟವನ್ನು ಸೈಕಲ್‌ನಲ್ಲಿ ಸುತ್ತೋಣ ಅಂತ: ಮಿಲ್ ವ್ಯಾಲಿ ಊರಿಂದ ಓಲ್ಡ್ ರೈಲ್‌ರೋಡ್ ಗ್ರೇಡ್ ದಾರಿ ಹತ್ತಿ, ಎಲ್ಡ್ರಿಜ್ ಗ್ರೇಡ್ ದಾರಿ ಕಡೆಯಿಂದ ಇಳಿಯುವ ಆಸೆ. ನನ್ನದು ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್). ಆಗುತ್ತಾ?

↳ ಧಾರಾಳವಾಗಿ. 1896ರಿಂದ 1930ರವರೆಗೆ ಉಗಿಬಂಡಿ ಓಡಿದ ದಾರಿ ಓಲ್ಡ್ ರೈಲ್‌ರೋಡ್ ಗ್ರೇಡ್, ಹಾಗಾಗಿ ಏರು ಎಲ್ಲೂ ಸುಮಾರು 7 ಶೇಕಡ ದಾಟಲ್ಲ, ಆದ್ರೆ ಮುಗಿಯೋದೇ ಇಲ್ಲ ಅನ್ನಿಸುತ್ತೆ, ತಿರುವಿನ ಮೇಲೆ ತಿರುವು. ದಾರಿಯಲ್ಲಿ ಸಿಗೋ ಹಳೆಯ ವಸತಿಗೃಹ ವೆಸ್ಟ್ ಪಾಯಿಂಟ್ ಇನ್ ಹತ್ತಿರ ಕೂತು ಚಕ್ಕುಲಿ ತಿನ್ನಿ.

↳ ಏರು ಬಿಡಿ, ಇಳಿಯೋದೇ ಕಷ್ಟ. ಎಲ್ಡ್ರಿಜ್ ಮೇಲ್ಭಾಗ ಬರೀ ಕಲ್ಲು. ಟೈರ್ ಗಾಳಿ ಸ್ವಲ್ಪ ಇಳಿಸಿ, ಸೀಟೂ ತಗ್ಗಿಸಿ. ನನಗೆ ಅಲ್ಲೇ ಎರಡು ಪಂಕ್ಚರ್, ಟ್ಯೂಬ್ ಇದ್ದದ್ದು ಒಂದೇ!

↳ ಕಾಲುದಾರಿಗೆ ನುಗ್ಗಬೇಡಿ, ಫೈರ್ ರೋಡಲ್ಲೇ (ಅಗ್ನಿಶಾಮಕ ವಾಹನ ಹೋಗೋ ಅಗಲದ ಮಣ್ಣಿನ ರಸ್ತೆ) ಇರಿ. ವೇಗದ ಮಿತಿ ಗಂಟೆಗೆ 15 ಮೈಲಿ, ಕುರುಡು ತಿರುವಲ್ಲಿ 5. ಸೈಕಲ್‌ಗೆ ಬೆಲ್ ಕಟ್ಟಿಕೊಳ್ಳಿ, ಕುದುರೆಗಳೂ ಬರ್ತವೆ.