ಪದಚರ್ಚೆ: ನಿದ್ದೆ ಮಾತ್ರೆ ಬಿಡುವಾಗ ಆಗುವ ತೊಂದರೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ನಿದ್ದೆ ಮಾತ್ರೆಗಳ ಬಗ್ಗೆ ರೋಗಿಗಳ ಮನೆಯವರಿಗೆ ಒಂದು ಕರಪತ್ರ ಬರೆಯುತ್ತಿದ್ದೇವೆ. ಡಯಾಜೆಪಾಮ್, ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್ ಇರುವ ಬೆಂಜೋಡಯಜೆಪಿನ್ ಗುಂಪಿನವು. ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇವೆ.

ಒಂದು, ರಿಸೆಪ್ಟರ್, ಅಂದರೆ ನರಕೋಶದ ಮೇಲೆ ರಾಸಾಯನಿಕಗಳು ಬಂದು ಕೂರುವ ಭಾಗ. ಪುಸ್ತಕಗಳಲ್ಲಿ ‘ಗ್ರಾಹಕ’ ಅಂತಿದೆ. ಆದರೆ ಮಂಡಿಪೇಟೆಯಲ್ಲಿ ಗ್ರಾಹಕ ಅಂದರೆ ಅಂಗಡಿಗೆ ಬರುವವರು. ‘ಮೆದುಳಿನ ಗ್ರಾಹಕಗಳು ಬದಲಾಗುತ್ತವೆ’ ಅಂದರೆ ಯಾರಿಗೆ ಅರ್ಥವಾದೀತು? ರಿಸೆಪ್ಟರ್ ಅಂತಲೇ ಇಟ್ಟುಕೊಳ್ಳೋಣ ಅನಿಸುತ್ತಿದೆ.

ಎರಡನೆಯದೇ ಕಷ್ಟ: ಮಾತ್ರೆ ಬಿಡುವಾಗ ಆಗುವ ತೊಂದರೆ, ಇಂಗ್ಲಿಷಿನಲ್ಲಿ ‘ವಿತ್‌ಡ್ರಾವಲ್’ ಅನ್ನುವುದು. ಮೊದಲು ಒಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಪದ ಅದಕ್ಕೆ ಹೊಂದಬೇಕಲ್ವಾ. ಗಾಬಾ ಎಂಬ ರಾಸಾಯನಿಕ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ಅದು ತನ್ನ ರಿಸೆಪ್ಟರ್ ಮೇಲೆ ಕೂತಾಗ ಕ್ಲೋರೈಡ್ ನರಕೋಶದೊಳಗೆ ಹೋಗುತ್ತದೆ, ಕೋಶದ ಚುರುಕು ತಗ್ಗುತ್ತದೆ. ಈ ಮಾತ್ರೆಗಳು ಅದೇ ರಿಸೆಪ್ಟರಿನ ಬೇರೊಂದು ಜಾಗದಲ್ಲಿ ಕೂತು ಗಾಬಾದ ಪರಿಣಾಮವನ್ನು ಜಾಸ್ತಿ ಮಾಡುತ್ತವೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೆದುಳು ತನ್ನನ್ನು ಸರಿಹೊಂದಿಸಿಕೊಳ್ಳುತ್ತದೆ. ಗಾಬಾ ಕೂರುವ ಜಾಗ, ಮಾತ್ರೆ ಕೂರುವ ಜಾಗ, ಇವೆರಡರ ನಡುವಿನ ನಂಟು ಸಡಿಲವಾಗಿ ಬ್ರೇಕ್ ದುರ್ಬಲವಾಗುತ್ತದೆ. ಇನ್ನೊಂದು ಕಡೆ, ಕೋಶಗಳನ್ನು ಕೆರಳಿಸುವ ಗ್ಲುಟಮೇಟ್‌ನ ಪ್ರಭಾವ ಏರುತ್ತದೆ. ಆಗ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹಾರಿಹೋಗುತ್ತದೆ. ಕೈ ನಡುಗುತ್ತದೆ, ಬೆವರು, ದಿಗಿಲು. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ರಿಸೆಪ್ಟರ್‌ಗಳು ಮತ್ತೆ ಹೊಂದಿಕೊಳ್ಳಲು ಸಮಯ ಬೇಕು. ವೈದ್ಯರು ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುವುದು ಅದಕ್ಕೇ.

ಈ ತೊಂದರೆಗೆ ‘ಹಿಂತೆಗೆತದ ಲಕ್ಷಣ’ ಎಂಬ ಅನುವಾದ ನೋಡಿದ್ದೇನೆ. ಅದು ಬ್ಯಾಂಕಿನಿಂದ ದುಡ್ಡು ತೆಗೆದ ಹಾಗೆ ಕೇಳಿಸುತ್ತದೆ. ‘ಚಟ ಬಿಟ್ಟಾಗಿನ ತೊಂದರೆ’ ಇನ್ನೂ ಕೆಟ್ಟದ್ದು. ವೈದ್ಯರು ಬರೆದುಕೊಟ್ಟಿದ್ದನ್ನು ಚಾಚೂ ತಪ್ಪದೆ ನುಂಗಿದ ಅಜ್ಜಿಗೆ ಚಟ ಅನ್ನಬಹುದೇ? ಆ ಮಾತು ಕೇಳಿ ನಾಚಿಕೊಂಡು ಯಾರಾದರೂ ಒಂದೇ ದಿನಕ್ಕೆ ಮಾತ್ರೆ ಬಿಸಾಕಿದರೆ ಅಪಾಯ ಅಲ್ಲೇ ಇದೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ನಮ್ಮ ಕಡೆ ಜನ ‘ಮಾತ್ರೆ ಮೈಗೆ ಒಗ್ಗಿಬಿಟ್ಟಿದೆ’ ಅನ್ನುತ್ತಾರೆ. ಒಳ್ಳೆಯ ಮಾತು, ಆದರೆ ಇಕ್ಕಟ್ಟೂ ಇದೆ. ‘ಈ ಊರ ನೀರು ಒಗ್ಗಿತು’ ಅಂದರೆ ಹಿಡಿಸಿತು ಎಂದರ್ಥ. ಮಾತ್ರೆ ಒಗ್ಗಿದೆ ಅಂದರೆ ಸುಮ್ನೆ ಮುಂದುವರಿಸಿ ಅಂತಲೂ ಆದೀತು. ‘ಮೆದುಳು ಮಾತ್ರೆಗೆ ಒಗ್ಗಿಕೊಂಡಿದೆ’ ಎಂದು ತಿರುಗಿಸಿದರೆ ಆ ಗೊಂದಲ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಲಕ್ಷಣಗಳಿಗೆ ‘ಬಿಡುವಾಗಿನ ಬಾಧೆ’ ಎಂದು ಬರೆದಿದ್ದೇನೆ. ‘ಬಿಟ್ಟಾಗಿನ’ ಅನ್ನಲಿಲ್ಲ, ಡೋಸ್ ಇಳಿಸುವಾಗಲೂ ಅದು ಬರಬಹುದು. ಆದರೆ ಬಾಧೆ ಅಂದ ತಕ್ಷಣ ದೆವ್ವದ ಬಾಧೆ ನೆನಪಾಗುತ್ತದೆಯೇ? ಜೋರಾದಾಗ ಕೆಲವರಿಗೆ ಇಲ್ಲದ್ದು ಕಾಣಿಸುವುದೂ ಉಂಟು. ಅದನ್ನು ದೆವ್ವ ಅಂದುಕೊಂಡು ಮನೆಯವರು ಆಸ್ಪತ್ರೆಯ ಬದಲು ಬೇರೆ ಕಡೆ ಹೋಗಬಾರದು. ‘ತ್ರಾಸು’ ಅಂದರೆ ಹೇಗೆ? ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆ ಕಡೆಯವರು ಇದ್ದರೆ ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ, ದಯವಿಟ್ಟು ತಿಳಿಸಿ.